ಶರೀರದ ಸಮಸ್ಥಿತಿಯನ್ನು ಬೋಧಿಸಿದ ವಾಲ್ಟರ್ ಕ್ಯಾನನ್

ಸಂಭಾವನಾ ಗ್ರಂಥಗಳಿಗೆ ಬರೆದ ಲೇಖನಗಳು ಬಹುಮಟ್ಟಿಗೆ ಆ ಗ್ರಂಥಗಳೊಡನೆಯೇ ಕಪಾಟು ಸೇರಿ ಮರೆಯಾಗುತ್ತವೆ. ಇದಕ್ಕೆ ಅಪವಾದವಾದ ಲೇಖನವೊಂದು 1926ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಫ್ರೆಂಚ್ ಶರೀರಕ್ರಿಯಾವಿಜ್ಞಾನಿ ಶಾರ್ಲ್ ರಿಷೆಯ ಗೌರವಾರ್ಥವಾಗಿ ಅವನ ಮಿತ್ರರೂ ಸಹೋದ್ಯೋಗಿಗಳೂ ಶಿಷ್ಯರೂ ಹೊರತಂದ ಸಂಪುಟಕ್ಕೆ ಹಾರ್ವರ್ಡ್ ವೈದ್ಯಕೀಯ ಶಾಲೆಯ ಪ್ರಾಧ್ಯಾಪಕನೊಬ್ಬನು ಕೆಲವೇ ಪುಟಗಳ ಬರಹ ಕಳುಹಿಸಿ, ಅದರಲ್ಲಿ ಹೊಸ ಪದವೊಂದನ್ನು ಮುಂದಿಟ್ಟನು. ಪದ ಹೋಮಿಯೋಸ್ಟಾಸಿಸ್, ಪ್ರಾಧ್ಯಾಪಕ ವಾಲ್ಟರ್ ಬ್ರ್ಯಾಡ್‌ಫರ್ಡ್ ಕ್ಯಾನನ್. ಪ್ರೌಢಶಾಲೆಯ ಜೀವಶಾಸ್ತ್ರದ ಪುಸ್ತಕ ತೆರೆದ ಹುಡುಗನಿಗೂ ಇಂದು ಈ ಪದ ಪರಿಚಿತ. ಅದನ್ನು ಟಂಕಿಸಿದವನ ಬಾಳು ಅಷ್ಟು ಪರಿಚಿತವಲ್ಲ.

ಕ್ಯಾನನ್ ಹುಟ್ಟಿದ್ದು 1871ರ ಅಕ್ಟೋಬರ್ 19ರಂದು, ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಪ್ರೇರಿ ಡು ಶೀನ್ ಎಂಬ ಊರಿನಲ್ಲಿ. ತಂದೆ ರೈಲ್ವೆ ನೌಕರ. 1881ರಲ್ಲಿ ತಾಯಿ ತೀರಿಕೊಂಡಳು. ಮಗನಿಗೆ ಓದಿನಲ್ಲಿ ಶ್ರದ್ಧೆ ಸಾಲದೆಂದು ಬಗೆದ ತಂದೆ ಅವನನ್ನು ಹದಿನಾಲ್ಕನೆಯ ವಯಸ್ಸಿಗೆ ಶಾಲೆಯಿಂದ ಬಿಡಿಸಿ ರೈಲ್ವೆ ಕಚೇರಿಯಲ್ಲಿ ದುಡಿಯಲು ಹಚ್ಚಿದನು. ಎರಡು ವರ್ಷ ಅಲ್ಲಿ ಕಳೆದ ಹುಡುಗ ಮತ್ತೆ ಶಾಲೆಗೆ ಬಂದಾಗ ಹಿಂದಿನ ಹುಡುಗನಾಗಿರಲಿಲ್ಲ. ಶಿಕ್ಷಕಿಯೊಬ್ಬಳ ಒತ್ತಾಸೆಯಿಂದ ಅವನು 1892ರಲ್ಲಿ ಹಾರ್ವರ್ಡ್ ಸೇರಿದನು. 1896ರಲ್ಲಿ ಉನ್ನತ ಶ್ರೇಣಿಯಲ್ಲಿ ಪದವಿ ಪಡೆದು ಅಲ್ಲಿಯ ವೈದ್ಯಕೀಯ ಶಾಲೆಯನ್ನು ಪ್ರವೇಶಿಸಿದನು.

ರಂಟ್‌ಗೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದು ಆಗ ಇನ್ನೂ ಒಂದು ವರ್ಷವಾಗಿತ್ತಷ್ಟೆ. ಶರೀರಕ್ರಿಯಾವಿಜ್ಞಾನದ ಪ್ರಾಧ್ಯಾಪಕ ಹೆನ್ರಿ ಬೌಡಿಚ್ ಈ ಕಿರಣಗಳಿಂದ ನುಂಗುವ ಕ್ರಿಯೆಯನ್ನು ನೋಡಬಹುದೇನೋ ಎಂದು ಹೊಸ ವಿದ್ಯಾರ್ಥಿಗೆ ಸೂಚಿಸಿದನು. ಡಿಸೆಂಬರಿನಲ್ಲಿ ಕ್ಯಾನನ್ ನಾಯಿಯೊಂದಕ್ಕೆ ಗುಂಡಿ ನುಂಗಿಸಿ ಅದು ಅನ್ನನಾಳದಲ್ಲಿ ಇಳಿಯುವುದನ್ನು ಕಂಡನು. ಅದೇ ತಿಂಗಳು ಹೆಬ್ಬಾತಿನ ನೀಳ ಕೊರಳಲ್ಲಿ ಆಹಾರ ಸಾಗುವುದನ್ನು ವಿದ್ವಾಂಸರೆದುರು ತೋರಿಸಿದನು. ಮುಂದೆ ಬೆಕ್ಕುಗಳಿಗೆ ಬಿಸ್ಮತ್ ಲವಣ ಬೆರೆಸಿದ ಆಹಾರ ಕೊಟ್ಟು ಜಠರದ ಅಲೆಗಳನ್ನು ಗಂಟೆಗಟ್ಟಲೆ ಗಮನಿಸತೊಡಗಿದನು. ಇಲ್ಲಿ ಅವನಿಗೆ ತೊಡಕೊಂದು ಎದುರಾಯಿತು. ಬೆಕ್ಕು ಸಿಟ್ಟಾದೊಡನೆ, ಬೆದರಿದೊಡನೆ ಜಠರದ ಚಲನೆ ನಿಂತೇಬಿಡುತ್ತಿತ್ತು. ಸಮಾಧಾನಗೊಂಡರೆ ಮತ್ತೆ ಮೊದಲಾಗುತ್ತಿತ್ತು. ಇದನ್ನು ಪ್ರಯೋಗದ ಅಡ್ಡಿಯೆಂದು ಬದಿಗೊತ್ತದೆ ಪ್ರಶ್ನೆಯಾಗಿ ಉಳಿಸಿಕೊಂಡದ್ದರಲ್ಲಿ ಅವನ ಮುಂದಿನ ಸಂಶೋಧನೆಯೆಲ್ಲ ಅಡಗಿತ್ತು. ಆ ಕಿರಣಗಳು ನೋಡುವವನ ಮೈಯನ್ನೂ ಸುಡುತ್ತವೆಂಬುದು ಆ ಹೊತ್ತಿಗೆ ಚೆನ್ನಾಗಿ ತಿಳಿದಿರಲಿಲ್ಲ.

ಅಧ್ಯಾಪಕನಾಗಿ ಕ್ಯಾನನ್ನನ ಸ್ವಭಾವ ಅವನು ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಪ್ರಕಟವಾಯಿತು. ಗಂಟೆಗಟ್ಟಲೆ ಉಪನ್ಯಾಸ ಕೇಳಿ ಬರೆದುಕೊಳ್ಳುವ ಅಂದಿನ ಪಾಠಕ್ರಮ ಅವನಿಗೆ ಬೇಸರ ತಂದಿತ್ತು. ಅವನ ಕೊಠಡಿಯಲ್ಲಿದ್ದ ಕಾನೂನು ವಿದ್ಯಾರ್ಥಿಯಾದರೋ ನಿಜವಾದ ಮೊಕದ್ದಮೆಗಳನ್ನು ಮುಂದಿಟ್ಟುಕೊಂಡು ಉತ್ಸಾಹದಿಂದ ಚರ್ಚಿಸುತ್ತಿದ್ದನು. ರೋಗಿಗಳ ದಾಖಲೆಗಳನ್ನು ಹೀಗೆಯೇ ತರಗತಿಯಲ್ಲಿ ಬಳಸಬಾರದೇಕೆ ಎಂದು ಕೇಳುವ ಲೇಖನವನ್ನು ಕ್ಯಾನನ್ 1900ರಲ್ಲಿ ಪ್ರಕಟಿಸಿದನು. ಹಿರಿಯ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸಿ ಆ ವಿಧಾನವನ್ನು ಬಳಕೆಗೆ ತಂದರು. ಅದೇ ವರ್ಷ ಅವನಿಗೆ ಅಧ್ಯಾಪಕ ವೃತ್ತಿ ದೊರೆಯಿತು. 1906ರಲ್ಲಿ ಬೌಡಿಚ್‌ನ ಪೀಠವನ್ನೇರಿ 1942ರವರೆಗೆ ಮೂವತ್ತಾರು ವರ್ಷ ಅಲ್ಲಿಯೇ ಉಳಿದನು. 1901ರಲ್ಲಿ ಅವನ ಕೈಹಿಡಿದ ಕಾರ್ನೀಲಿಯಾ ಜೇಮ್ಸ್ ಮುಂದೆ ಕಾದಂಬರಿಕಾರ್ತಿಯಾಗಿ ಹೆಸರಾದಳು.

ಬೆಕ್ಕಿನ ಸಿಟ್ಟಿನ ಜಾಡು ಹಿಡಿದು ಹೊರಟ ಕ್ಯಾನನ್ ಅಡ್ರಿನಲ್ ಗ್ರಂಥಿಗಳಿಗೆ ಬಂದು ಮುಟ್ಟಿದನು. ಭಯ, ಕ್ರೋಧ, ನೋವುಗಳಲ್ಲಿ ಈ ಗ್ರಂಥಿಗಳಿಂದ ಸ್ರವಿಸುವ ರಸವು ಎದೆಬಡಿತವನ್ನು ಹೆಚ್ಚಿಸಿ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುಗಡೆ ಮಾಡಿ, ಪ್ರಾಣಿಯನ್ನು ಹೋರಾಟಕ್ಕೋ ಪಲಾಯನಕ್ಕೋ ಅಣಿಗೊಳಿಸುತ್ತದೆ ಎಂಬುದು 1915ರಲ್ಲಿ ಬಂದ ಅವನ ಗ್ರಂಥದ ಪ್ರತಿಪಾದನೆ. ಇದನ್ನೊಪ್ಪದ ಕ್ಲೀವ್‌ಲೆಂಡಿನ ಸ್ಟೂವರ್ಟ್ ಮತ್ತು ರೋಗಾಫ್ ವರ್ಷಗಟ್ಟಲೆ ವಾದ ಹೂಡಿದರು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ, ಗಾಯಗೊಂಡ ಸೈನಿಕರಲ್ಲಿ ಕಾಣುವ ಆಘಾತಸ್ಥಿತಿಯನ್ನು ಅವನು ಅಭ್ಯಸಿಸಿದನು. ರಕ್ತದ ಕ್ಷಾರಗುಣ ಕುಗ್ಗುವುದೇ ಅದಕ್ಕೆ ಕಾರಣವೆಂದು ಮೊದಲು ನಂಬಿ ಸೋಡಾ ದ್ರಾವಣ ಕೊಡಿಸಿದ್ದುಂಟು. ಅದು ಆಘಾತದ ಪರಿಣಾಮವೇ ಹೊರತು ಕಾರಣವಲ್ಲವೆಂಬುದು ಅನಂತರ ಸ್ಪಷ್ಟವಾಯಿತು. ಆದರೆ ಆ ಗುಡಾರಗಳಲ್ಲಿ ಸಾಯುತ್ತಿದ್ದ ತರುಣರ ನಡುವೆ, ಒಳಗಿನ ದ್ರವದ ಸ್ಥಿತಿ ಕೆಟ್ಟರೆ ಒಡಲಿನ ವ್ಯವಸ್ಥೆಯೆಲ್ಲ ಹೇಗೆ ಕುಸಿಯುತ್ತದೆಂಬುದನ್ನು ಅವನು ಕಣ್ಣಾರೆ ಕಂಡಿದ್ದನು.

ಇಲ್ಲಿಂದ ಸಮಸ್ಥಿತಿಯ ವಿಚಾರಕ್ಕೆ ದಾರಿ ನೇರವಾದುದು. ಜೀವಿಯ ಕೋಶಗಳು ಬದುಕುವುದು ಹೊರಗಿನ ಗಾಳಿಯಲ್ಲಲ್ಲ, ಒಳಗಿನ ದ್ರವದಲ್ಲಿ ಎಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕ್ಲೋಡ್ ಬರ್ನಾರ್ ಕಂಡುಕೊಂಡಿದ್ದನು. ಕ್ಯಾನನ್ ಅದನ್ನು ಪಾಠವಾಗಿ ಬೆಳೆಸಿದನು. ಅವನ ವಿವರಣೆ ಆರಂಭವಾಗುವುದು ಹೊಳೆಯ ನೀರಿನಲ್ಲಿರುವ ಏಕಕೋಶಜೀವಿಯಿಂದ. ಅದಕ್ಕೆ ಬೇಕಾದ ಆಮ್ಲಜನಕವೂ ಆಹಾರವೂ ನೀರಿನಿಂದಲೇ ಪೊರೆಯನ್ನು ದಾಟಿ ಒಳಬರುತ್ತವೆ. ಕಸ ಹಾಗೆಯೇ ಹೊರಹೋಗುತ್ತದೆ. ಕೋಟ್ಯನುಕೋಟಿ ಕೋಶಗಳು ಒತ್ತೊತ್ತಾಗಿ ಕೂಡಿದ ದೊಡ್ಡ ಒಡಲಿನಲ್ಲಿ ಒಳಗಿನ ಕೋಶಕ್ಕೆ ಹೊಳೆ ಎಟುಕದು. ಆದ್ದರಿಂದ ಅಂಥ ಪ್ರಾಣಿ ಹೊಳೆಯನ್ನೇ ತನ್ನೊಳಗೆ ಹೊತ್ತುಕೊಂಡಿದೆ; ಅದೇ ರಕ್ತ, ಅದೇ ದುಗ್ಧರಸ. ಹೊಳೆಯ ನೀರು ಕೆಡದಂತೆ ನೋಡಿಕೊಳ್ಳುವ ಹೊಣೆಯೂ ಈಗ ಒಡಲಿನದೇ. ರಕ್ತದ ಸಕ್ಕರೆ ಸಾಮಾನ್ಯವಾಗಿ ನೂರು ಮಿಲಿಲೀಟರಿಗೆ ನೂರು ಮಿಲಿಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಕಡಿಮೆಯಾದರೆ ಯಕೃತ್ತು ಉಗ್ರಾಣ ತೆರೆಯುತ್ತದೆ. ನೂರ ಎಂಬತ್ತರ ಸುಮಾರಿಗೆ ಏರಿದರೆ ಮೂತ್ರಪಿಂಡಗಳು ಕೆರೆಯ ಕೋಡಿಯಂತೆ ಹೆಚ್ಚಿನದನ್ನು ಹೊರಚೆಲ್ಲುತ್ತವೆ. ನೀರು, ಉಪ್ಪು, ಶಾಖ ಇವುಗಳಿಗೂ ಇಂಥವೇ ಏರ್ಪಾಡುಗಳುಂಟು.

ಇಂದಿನ ಪಠ್ಯಪುಸ್ತಕಗಳಲ್ಲಿ ವಿಸರಣೆ, ಅಭಿಸರಣೆ ಮುಂತಾದ ಕೋಶಪೊರೆಯ ಸಾಗಣೆಗಳು ಒಂದು ಅಧ್ಯಾಯ, ಸಮಸ್ಥಿತಿ ಬೇರೊಂದು ಅಧ್ಯಾಯ. ವಿದ್ಯಾರ್ಥಿ ಎರಡನ್ನೂ ಕಂಠಪಾಠ ಮಾಡುತ್ತಾನೆ, ಎರಡರ ನಂಟನ್ನು ಕಾಣುವುದಿಲ್ಲ. ಕ್ಯಾನನ್ನನ ಬೋಧನೆಯಲ್ಲಿ ಅವು ಒಂದೇ ಕಥೆಯ ಎರಡು ತುದಿಗಳು. ಪೊರೆಯೇ ಶಕ್ತಿ ವ್ಯಯಿಸಿ ಸೋಡಿಯಮ್ಮನ್ನು ಹೊರದೂಡಿ ಪೊಟ್ಯಾಸಿಯಮ್ಮನ್ನು ಒಳಸೆಳೆಯುವ ಬಗೆಯನ್ನು ಡೆನ್ಮಾರ್ಕಿನ ಸ್ಕೂ ಬೆಳಕಿಗೆ ತಂದದ್ದು 1957ರಲ್ಲಿ. ಕ್ಯಾನನ್ ಬಲ್ಲದ್ದು ಮುಖ್ಯವಾಗಿ ಪೊರೆಯ ಹೊರಗಿನ ಹೊಳೆಯನ್ನು.

ಪದದ ಆಯ್ಕೆಯಲ್ಲಿ ಅವನು ತೋರಿದ ಎಚ್ಚರ ಭಾಷಾಭ್ಯಾಸಿಗಳಿಗೆ ಕುತೂಹಲಕರವಾದುದು. ಗ್ರೀಕಿನ ಹೋಮೋ ಎಂದರೆ ಅದೇ, ಅಭಿನ್ನ. ಹೋಮಿಯೋ ಎಂದರೆ ಹೋಲುವಂಥದು. ಒಡಲಿನ ಸ್ಥಿತಿ ಕಲ್ಲಿನಂತೆ ನಿಶ್ಚಲವಲ್ಲ, ಮಿತಿಯೊಳಗೆ ಏರಿಳಿಯುವಂಥದು ಎಂಬ ಕಾರಣಕ್ಕೆ ಅವನು ಎರಡನೆಯದನ್ನು ಆರಿಸಿದನು. ಕನ್ನಡದ ಸಮಸ್ಥಿತಿ ಎಂಬ ರೂಪದಲ್ಲಿ ಈ ಸೂಕ್ಷ್ಮ ಕೊಂಚ ಮಸುಕಾಗುತ್ತದೆ. ಆದರೂ ತಕ್ಕಡಿಯ ಮುಳ್ಳು ಅತ್ತಿತ್ತ ತೂಗಿ ನಡುವಿಗೆ ಬರುವ ಅರ್ಥವನ್ನು ನಮ್ಮ ಸಮ ಶಬ್ದ ಹೊರಬಲ್ಲದು.

1932ರಲ್ಲಿ ಪ್ರಕಟವಾದ ಶರೀರದ ವಿವೇಕ ಕುರಿತ ಗ್ರಂಥ ಈ ವಿಚಾರವನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿತು. ಅದರ ಹಿಂದಿದ್ದ ಪ್ರಯೋಗಗಳಲ್ಲಿ ಒಂದು ವಿಶೇಷವಾದುದು. ಕ್ಯಾನನ್ನನೂ ಸಂಗಡಿಗರೂ ಬೆಕ್ಕುಗಳ ಸಿಂಪಥೆಟಿಕ್ ನರಸರಣಿಯನ್ನೇ ತೆಗೆದುಹಾಕಿದರು. ಸಮಸ್ಥಿತಿಗೆ ಅತ್ಯಗತ್ಯವೆಂದು ತಾನೇ ಸಾರಿದ ಆ ನರಗಳಿಲ್ಲದೆಯೂ ಬೆಕ್ಕುಗಳು ಪ್ರಯೋಗಶಾಲೆಯಲ್ಲಿ ಆರಾಮವಾಗಿ ಬದುಕಿದವು! ಆದರೆ ಚಳಿಗೆ ಒಡ್ಡಿದಾಗ ಅವುಗಳ ರೋಮ ನಿಮಿರಲಿಲ್ಲ, ಮೈಶಾಖ ಇಳಿಯಿತು. ಕೆರಳಿಸಿದಾಗ ರಕ್ತದ ಸಕ್ಕರೆ ಏರಲಿಲ್ಲ. ನೆಮ್ಮದಿಯ ಕಾಲಕ್ಕೆ ಬೇಡವಾದ ಈ ಏರ್ಪಾಡು ಆಪತ್ಕಾಲಕ್ಕೆಂದೇ ಇದೆ ಎಂದು ಅವನು ನಿರ್ಣಯಿಸಿದನು.

ಅದೇ ಗ್ರಂಥದ ಕೊನೆಯಲ್ಲಿ ಸಮಾಜಕ್ಕೂ ಇಂಥ ಸಮತೋಲದ ಏರ್ಪಾಡು ಬೇಕೆಂದು ವಾದಿಸಿದ್ದಾನೆ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಈ ಹಂಬಲ ಸಹಜವೇ. ಆದರೆ ಕೋಶಕ್ಕೆ ಇಲ್ಲದ ಇಚ್ಛೆ ಮನುಷ್ಯನಿಗಿದೆಯೆಂಬುದನ್ನು ಹೋಲಿಕೆ ಮರೆಸುತ್ತದೆ. ಗ್ರಂಥದ ದುರ್ಬಲ ಭಾಗವಿದು. ನರತುದಿಗಳಿಂದ ಹೊಮ್ಮುವ ರಾಸಾಯನಿಕದ ವಿಷಯದಲ್ಲಿಯೂ ಅವನು ಎಡವಿದನು. ಮೆಕ್ಸಿಕೋದ ರೋಸೆನ್‌ಬ್ಲೂತ್‌ನೊಡನೆ ಸೇರಿ ಸಿಂಪಥಿನ್ ಎರಡು ಬಗೆಯದೆಂದು 1933ರಲ್ಲಿ ಮಂಡಿಸಿದ ಸಿದ್ಧಾಂತ ನಿಲ್ಲಲಿಲ್ಲ. ನರಗಳ ರಾಸಾಯನಿಕ ಸಂವಹನಕ್ಕಾಗಿ 1936ರ ನೊಬೆಲ್ ಬಹುಮಾನ ಡೇಲ್ ಮತ್ತು ಲೋವಿ ಅವರಿಗೆ ಸಂದಿತು. ಕ್ಯಾನನ್ನನಿಗೆ ಆ ಗೌರವ ಎಂದೂ ಬರಲಿಲ್ಲ.

ಪ್ರಯೋಗಶಾಲೆಯ ಹೊರಗೂ ಅವನು ಸುಮ್ಮನಿದ್ದವನಲ್ಲ. 1935ರಲ್ಲಿ ಪೀಕಿಂಗಿನ ವೈದ್ಯಕೀಯ ಕಾಲೇಜಿನಲ್ಲಿ ಕೆಲಕಾಲ ಬೋಧಿಸಿದನು. ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯ ಪಕ್ಷಕ್ಕೆ ವೈದ್ಯಕೀಯ ನೆರವು ಕಳುಹಿಸುವ ಸಮಿತಿಯ ಮುಂದಾಳಾಗಿ ನಿಂದೆಗೆ ಗುರಿಯಾದರೂ ಹಿಂಜರಿಯಲಿಲ್ಲ. ಆ ಗಣರಾಜ್ಯದ ಪ್ರಧಾನಿ ನೆಗ್ರಿನ್ ಕೂಡ ಮೂಲತಃ ಶರೀರಕ್ರಿಯಾವಿಜ್ಞಾನಿಯೇ.

ಆ ಹೊತ್ತಿಗಾಗಲೇ ಹೆಬ್ಬಾತು ಬೆಕ್ಕುಗಳ ಕಾಲದ ಕಿರಣಗಳು ತಮ್ಮ ಸಾಲ ಕೇಳಲಾರಂಭಿಸಿದ್ದವು. ಚರ್ಮದಲ್ಲಿ ತಲೆದೋರಿದ ಕಾಯಿಲೆ ಬರಬರುತ್ತ ಮೈಯನ್ನೆಲ್ಲ ವ್ಯಾಪಿಸಿತು. ತುರಿಕೆ, ಆಯಾಸ, ಚಿಕಿತ್ಸೆಗಳ ನಡುವೆಯೇ ಪಾಠ ಬರಹಗಳು ಸಾಗಿದವು. 1942ರಲ್ಲಿ ನಿವೃತ್ತನಾದನು. ಸಂಶೋಧಕನ ಬಾಳುದಾರಿಯನ್ನು ಕುರಿತು ಬರೆದ ಅನುಭವಗ್ರಂಥ 1945ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಕ್ಟೋಬರ್ 1ರಂದು, ಎಪ್ಪತ್ತನಾಲ್ಕು ತುಂಬಲು ಹದಿನೆಂಟು ದಿನ ಉಳಿದಿರುವಾಗ, ನ್ಯೂ ಹ್ಯಾಂಪ್‌ಶೈರಿನ ಫ್ರ್ಯಾಂಕ್ಲಿನ್ ಎಂಬಲ್ಲಿ ಅವನು ಕೊನೆಯುಸಿರೆಳೆದನು.