ನಿಜಾಮರ ದುಡ್ಡು, ಬೀದಿನಾಯಿಗಳ ಜೀವ, ಒಬ್ಬ ಡಾಕ್ಟರ ಹಟ

ಬನಶಂಕರಿ, ಜೆಪಿ ನಗರದ ರಸ್ತೆಗಳಲ್ಲಿ ಕಿವಿಯ ತುದಿ ಕತ್ತರಿಸಿದ ನಾಯಿಗಳನ್ನು ನೀವೂ ನೋಡಿರ್ತೀರಿ. ಸಂತಾನಹರಣ ಆಪರೇಷನ್ ಆಗಿದೆ ಅನ್ನೋದಕ್ಕೆ ಅದು ಗುರುತು. ಅಂದರೆ ಆ ನಾಯಿ ಅರಿವಳಿಕೆಯಲ್ಲಿ ಮಲಗಿ, ಎದ್ದು, ತನ್ನ ಬೀದಿಗೆ ವಾಪಸ್ ಬಂದಿದೆ. ಅವುಗಳನ್ನು ಕಂಡಾಗ ನನಗೆ ನೆನಪಾಗೋದು ಎಡ್ವರ್ಡ್ ಲಾರಿ ಎಂಬ ಬ್ರಿಟಿಷ್ ವೈದ್ಯ.

1846ರಲ್ಲಿ ಹುಟ್ಟಿದ ಲಾರಿ ಎಡಿನ್‌ಬರೋದಲ್ಲಿ ಜೇಮ್ಸ್ ಸೈಮ್ ಅವರ ಗರಡಿಯಲ್ಲಿ ಪಳಗಿದವರು. ಕ್ಲೋರೋಫಾರ್ಮ್ ಕೊಡುವಾಗ ನಾಡಿ ಹಿಡಿದು ಕೂರಬೇಡಿ, ಉಸಿರಾಟ ಗಮನಿಸಿ ಎಂಬುದು ಗುರುಗಳ ಪಾಠ. ಲಂಡನ್ನಿನ ಅನೇಕ ವೈದ್ಯರು ಇದನ್ನು ಒಪ್ಪುತ್ತಿರಲಿಲ್ಲ. 1848ರಲ್ಲಿ ಹದಿನೈದರ ಹುಡುಗಿ ಹ್ಯಾನಾ ಗ್ರೀನರ್, ಕಾಲಿನ ಉಗುರು ತೆಗೆಸಿಕೊಳ್ಳಲು ಹೋಗಿ ಕ್ಲೋರೋಫಾರ್ಮಿಗೆ ಬಲಿಯಾಗಿದ್ದಳು. ಹೃದಯವೇ ನಿಂತು ಜನ ಸಾಯುತ್ತಾರೆ ಎಂಬುದು ಲಂಡನ್ನಿನವರ ಅನುಮಾನ.

1880ರ ದಶಕದಲ್ಲಿ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಆಗಿ ಬಂದ ಲಾರಿ ಅಲ್ಲಿನ ವೈದ್ಯಕೀಯ ಶಾಲೆಯನ್ನೂ ನಡೆಸಿದರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಅವರು ಶಾಲೆಯ ಬಾಗಿಲನ್ನು ಹೆಣ್ಣುಮಕ್ಕಳಿಗೂ ತೆರೆದರು. ಅಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರು.

1888ರಲ್ಲಿ ಲಾರಿ ಕ್ಲೋರೋಫಾರ್ಮ್ ಆಯೋಗ ಕಟ್ಟಿ 100ಕ್ಕೂ ಹೆಚ್ಚು ನಾಯಿಗಳ ಮೇಲೆ ಪ್ರಯೋಗ ಮಾಡಿಸಿದರು. ಉಸಿರು ನಿಂತ ಮೇಲೆಯೇ ಹೃದಯ ನಿಲ್ಲುತ್ತದೆ ಎಂಬ ಫಲಿತಾಂಶವನ್ನು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ನಂಬಲಿಲ್ಲ. ಆಗ ನಿಜಾಮ ಮಹಬೂಬ್ ಅಲಿ ಖಾನ್ 1000 ಪೌಂಡ್ ಕೊಟ್ಟು, ನೀವೇ ಒಬ್ಬರನ್ನು ಕಳಿಸಿ ನೋಡಿ ಎಂದರು. 1889ರಲ್ಲಿ ಬಂದವರು ಲಾಡರ್ ಬ್ರಂಟನ್. ನಾಯಿ, ಕೋತಿ, ಕುದುರೆ, ಮೇಕೆ ಸೇರಿ 400ಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಎದುರು ಪಾಳಯದ ಬ್ರಂಟನ್ ಕೂಡ ಲಾರಿ ಕಡೆ ವಾಲಿದರು.

ಕಥೆ ಅಲ್ಲಿಗೆ ಮುಗೀಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಪ್ರಯೋಗಿಸಿ ಬೇರೆಯದೇ ತೋರಿಸಿದರು. ಕ್ಲೋರೋಫಾರ್ಮ್ ಹಗುರವಾಗಿದ್ದಾಗ ಮೈಯಲ್ಲಿ ಅಡ್ರಿನಲಿನ್ ಏರಿದರೆ ಹೃದಯ ತಾಳ ತಪ್ಪಿ ತಟ್ಟನೆ ನಿಲ್ಲಬಹುದು. ಭಯಗೊಂಡ, ಅರೆ ಎಚ್ಚರದ ರೋಗಿಗೆ ಅಪಾಯ ಇರೋದೇ ಅಲ್ಲಿ. ಹೈದರಾಬಾದಿನ ಪ್ರಯೋಗಗಳ ಒತ್ತು ಇದ್ದದ್ದು ಅತಿಯಾದ ಡೋಸಿನ ಮೇಲೆ. ಅಲ್ಲಿ ಮೊದಲು ನಿಲ್ಲೋದು ಉಸಿರೇ.

ಇಂಜಿನಿಯರಿಂಗ್ ಓದಿದ ನನಗೆ ಈ ಎಡವಟ್ಟು ಪರಿಚಿತ. ಸೇತುವೆ ಮೇಲೆ ಭಾರ ಹೇರಿ ಹೇರಿ ನೂರು ಸಲ ಮುರಿದು ನೋಡಿದರೂ, ಗಾಳಿಗೆ ಅದು ಹೇಗೆ ಓಲಾಡುತ್ತದೆ ಅಂತ ಗೊತ್ತಾಗಲ್ಲ. ಲಾರಿ ಬಳಿ ದುಡ್ಡಿತ್ತು, ಸರ್ಕಾರದ ಬೆಂಬಲವಿತ್ತು, ರಾಶಿ ದಾಖಲೆಯೂ ಇತ್ತು. ಆದರೆ ಕೇಳಿದ ಪ್ರಶ್ನೆಯೇ ಕಿರಿದಾಗಿತ್ತು. ನಾಡಿ ನೋಡಬೇಡಿ ಎಂಬ ಮಾತಿಗೆ ಆ ಪ್ರಯೋಗಗಳು ವಿಜ್ಞಾನದ ಮುದ್ರೆ ಒತ್ತಿದ್ದೇ ಅಪಾಯಕಾರಿ.

1915ರಲ್ಲಿ ತೀರಿಕೊಂಡ ಲಾರಿ ಅರ್ಧ ಸರಿಯಿದ್ದರು. ಉಸಿರಿನ ಮೇಲೆ ಕಣ್ಣಿಡಿ ಅನ್ನೋದನ್ನ ಅರಿವಳಿಕೆ ವೈದ್ಯರು ಇವತ್ತೂ ಪಾಲಿಸ್ತಾರೆ. ಕ್ಲೋರೋಫಾರ್ಮ್ ಮಾತ್ರ ಮೂಲೆ ಸೇರಿದೆ. ಜಯನಗರದ ಯಾವುದೋ ಕ್ಲಿನಿಕ್‌ನಲ್ಲಿ ನಿಮ್ಮ ನಾಯಿ ಆಪರೇಷನ್ ಟೇಬಲ್ ಮೇಲೆ ಮಲಗಿದಾಗ ಡಾಕ್ಟರು ಉಸಿರನ್ನೂ ನೋಡಲಿ, ಹೃದಯ ಬಡಿತವನ್ನೂ ನೋಡಲಿ. ಎರಡನ್ನೂ ನೋಡ್ತೀರಾ ಅಂತ ಮೊದಲೇ ಕೇಳಿ. ಅದು ಅಧಿಕಪ್ರಸಂಗ ಅಲ್ಲ.