ರೆವರೆಂಡ್ ವಿಲಿಯಂ ಕೇರಿಯವರೂ ದೀಕ್ಷಾಸ್ನಾನವೂ

ಶಿಶುವಿನ ಶಿರಸ್ಸಿನ ಮೇಲೆ ನೀರು ಹೊಯ್ದರೆ ದೀಕ್ಷಾಸ್ನಾನವು ಸಲ್ಲುವುದೋ, ಅಥವಾ ಬುದ್ಧಿ ಬಂದವನು ತನ್ನ ವಿಶ್ವಾಸವನ್ನು ತಾನೇ ಅರಿಕೆಮಾಡಿ ನೀರಿನಲ್ಲಿ ಪೂರ್ಣವಾಗಿ ಮುಳುಗಿ ಏಳಬೇಕೋ? ತವರಿನ ಸಭೆ ಒಂದು, ಗಂಡನ ಮನೆಯ ಸಭೆ ಇನ್ನೊಂದು ಆಗಿರುವ ಹಳೆಯ ವಿದ್ಯಾರ್ಥಿನಿಯರಿಗೆ, ಅವರು ಅಟ್ಟೂರಿನಲ್ಲಿರಲಿ ಪರಸ್ಥಳದಲ್ಲಿರಲಿ, ಇದು ಬರಿಯ ತರ್ಕದ ಮಾತಲ್ಲ. ಆದಕಾರಣ ಈ ಪ್ರಶ್ನೆಯನ್ನು ತಮ್ಮ ಬಾಳಿನಲ್ಲಿಯೇ ಬಿಡಿಸಿಕೊಂಡ ರೆವರೆಂಡ್ ವಿಲಿಯಂ ಕೇರಿಯವರ ಚರಿತ್ರೆಯನ್ನು ಸಂಗ್ರಹವಾಗಿ ಬರೆಯುತ್ತೇವೆ.

ಕೇರಿಯವರು 1761ರಲ್ಲಿ ಇಂಗ್ಲೆಂಡಿನ ಪಾಲರ್ಸ್‌ಪರಿ ಗ್ರಾಮದಲ್ಲಿ ನೇಕಾರನ ಮಗನಾಗಿ ಹುಟ್ಟಿದರು. ಶೈಶವದಲ್ಲಿಯೇ ಆಂಗ್ಲ ಸಭೆಯ ಕ್ರಮದಂತೆ ಅವರಿಗೆ ದೀಕ್ಷಾಸ್ನಾನವಾಗಿತ್ತು. ಪಾದರಕ್ಷೆ ಹೊಲಿಯುವ ಕಸಬಿನಲ್ಲಿದ್ದುಕೊಂಡೇ ಸತ್ಯವೇದವನ್ನು ಶೋಧಿಸಿ, ವಿಶ್ವಾಸವು ಮುಂಚೆ, ಸ್ನಾನವು ಆಮೇಲೆ ಎಂಬ ನಿಶ್ಚಯಕ್ಕೆ ಬಂದು, 1783ರ ಅಕ್ಟೋಬರ್ 5ರಂದು ನೆನ್ ನದಿಯಲ್ಲಿ ಜಾನ್ ರೈಲೆಂಡರ ಕೈಯಿಂದ ಮುಳುಗಿ ದೀಕ್ಷೆ ಹೊಂದಿದರು.

1793ರಲ್ಲಿ ಬಂಗಾಳಕ್ಕೆ ಬಂದ ಅವರು ಏಳು ವರ್ಷ ದುಡಿದ ಮೇಲೆ ಮೊದಲನೆಯ ಫಲವನ್ನು ಕಂಡರು. 1800ರ ಡಿಸೆಂಬರ್ 28ರಂದು ಶ್ರೀರಾಮಪುರದಲ್ಲಿ ಕೃಷ್ಣಪಾಲನೆಂಬ ಬಡಗಿಯೂ ಕೇರಿಯವರ ಹಿರಿಯ ಮಗ ಫೀಲಿಕ್ಸನೂ ಹೂಗ್ಲಿ ನದಿಗಿಳಿದರು. ಆ ದೇಶದವರಿಗೆ ಅದು ಗಂಗೆಯೇ ಸರಿ, ಪಾಪ ತೊಳೆಯುವ ತೀರ್ಥ. ದಡದಲ್ಲಿ ನೆರೆದವರು ತಪ್ಪು ತಿಳಿಯಬಾರದೆಂದು, ತಮಗೆ ಇದು ಬರಿಯ ನೀರೇ ಹೊರತು ಇದರಲ್ಲಿ ದೈವತ್ವವಿಲ್ಲವೆಂದು ಕೇರಿಯವರು ಸಾರಿದರು. ಮುಳುಗಿಸುವುದೇ ವಿಧಿಯೆಂದು ನಂಬಿದವರು ನೀರಿಗೆ ಇಷ್ಟು ಕಡಿಮೆ ಮಹಿಮೆಯನ್ನು ಕೊಟ್ಟದ್ದು ನಮಗೆ ಬಹಳ ದೊಡ್ಡದೆನಿಸುತ್ತದೆ. ಅದೇ ದಿನ ಮನೆಯೊಳಗೆ ಅವರ ಪತ್ನಿ ಡೊರೊಥಿಯಮ್ಮನವರು ಚಿತ್ತಭ್ರಮೆಯಿಂದ ನರಳುತ್ತಿದ್ದರು. ಜೊತೆಗಾರರಾದ ಡಾಕ್ಟರ್ ಥಾಮಸರ ಬುದ್ಧಿಯೂ ಕದಡಿತ್ತು. ತಂದೆಯಾದವನು ಎಂಥ ಮನಸ್ಸಿನಿಂದ ಮಗನನ್ನು ಕೈಹಿಡಿದು ನೀರಿಗಿಳಿಸಿರಬೇಕು! ಜನರ ಗದ್ದಲಕ್ಕೆ ಅಂಜಿ ಆ ದಿನ ಹಿಂದುಳಿದಿದ್ದ ಜಯಮಣಿ, ಕೃಷ್ಣಪಾಲನ ಹೆಂಡತಿಯ ಸಹೋದರಿ, ಮುಂದಿನ ತಿಂಗಳಲ್ಲಿಯೇ ಧೈರ್ಯ ತಂದುಕೊಂಡು ದೀಕ್ಷೆ ಹೊಂದಿದಳು. ಆ ಮಿಷನ್ನಿನಲ್ಲಿ ದೀಕ್ಷೆ ಹೊಂದಿದ ಬಂಗಾಳಿ ಸ್ತ್ರೀಯರೊಳಗೆ ಮೊದಲನೆಯವಳು ಈಕೆಯೇ.

ಕನ್ನಡನಾಡನ್ನು ಕಾಣದ ಕೇರಿಯವರು 1817ರಲ್ಲಿ ನಮ್ಮ ಭಾಷೆಗೂ ಒಂದು ವ್ಯಾಕರಣವನ್ನು ಅಚ್ಚುಹಾಕಿಸಿದರು. ಆದರೆ ಬಂಗಾಳಿ ಬೈಬಲಿನಲ್ಲಿ ದೀಕ್ಷಾಸ್ನಾನಕ್ಕೆ ಮುಳುಗಿಸುವ ಅರ್ಥದ ಶಬ್ದವನ್ನೇ ಇಟ್ಟದ್ದು ವಿವಾದಕ್ಕೆ ಕಾರಣವಾಯಿತು. ಅವರ ಕಡೆಗಾಲದಲ್ಲಿ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿಯವರು ಆ ಶಬ್ದವುಳ್ಳ ಬಂಗಾಳಿ ಆವೃತ್ತಿಗೆ ದ್ರವ್ಯಸಹಾಯವನ್ನು ನಿರಾಕರಿಸಿದರು. ಕೇರಿಯವರು 1834ರ ಜೂನ್ 9ರಂದು ಶ್ರೀರಾಮಪುರದಲ್ಲಿ ಕರ್ತನಲ್ಲಿ ನಿದ್ರೆಹೋದರು. ನಮ್ಮ ಕನ್ನಡ ಬೈಬಲಿನ ದೀಕ್ಷಾಸ್ನಾನವೆಂಬ ಶಬ್ದವಾದರೋ ನೀರೆಷ್ಟೆಂಬುದನ್ನು ಹೇಳದೆ ಬಿಟ್ಟಿದೆ. ಹೊಯ್ಯುವವರೂ ಮುಳುಗಿಸುವವರೂ ಇಂದಿಗೂ ಅದನ್ನೇ ಓದುತ್ತಾರೆ.