ತಾಯಿಯ ಹೆಸರಿನ ಚಾಕು: ದಿವಾಳಿಯ ಅಂಚಿನಿಂದ ಎದ್ದು ಬಂದ ಕಾರ್ಲ್ ಎಲ್ಸೆನರ್

ಮುಂಬೈನ ಚೋರ್ ಬಜಾರ್‌ನಲ್ಲಿ ಹಳೆಯ ಸ್ವಿಸ್ ಚಾಕು ಸಿಕ್ಕರೆ ಮೊದಲು ಅಲಗಿನ ಬುಡದ ಮುದ್ರೆ ನೋಡಿ. ಕಾರ್ಲ್ ಎಲ್ಸೆನರ್ ಅವರ ಬದುಕಿನ ಕಥೆ ಅಲ್ಲಿದೆ.

1860ರಲ್ಲಿ ಜನಿಸಿದ ಎಲ್ಸೆನರ್, 1884ರಲ್ಲಿ ಸ್ವಿಟ್ಜರ್ಲೆಂಡ್‌ನ ಇಬಾಖ್‌ನಲ್ಲಿ ಚಾಕು ತಯಾರಿಕೆ ಆರಂಭಿಸಿದರು. 1891ರಲ್ಲಿ ಸ್ವಿಸ್ ಸೇನೆಗೆ ಚಾಕು ಪೂರೈಸಿದರು. ಜರ್ಮನಿಯ ಕಾರ್ಖಾನೆಗಳು ಅಗ್ಗದ ದರಕ್ಕೆ ಕೊಟ್ಟಾಗ ಸಾಲದಲ್ಲಿ ಮುಳುಗಿದರು. ಬಂಧುಗಳ ನೆರವಿನಿಂದ ಚೇತರಿಸಿಕೊಂಡರು. ಕೈಬಿಡದೆ, ಎರಡು ಅಲಗು ಹಾಗೂ ಕಾರ್ಕ್‌ಸ್ಕ್ರೂ ಇರುವ ಹಗುರವಾದ ಅಧಿಕಾರಿಗಳ ಚಾಕುವನ್ನು 1897ರಲ್ಲಿ ನೋಂದಾಯಿಸಿದರು. ಅದೇ ಅವರ ಕೈಹಿಡಿಯಿತು.

1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಆ ಹೆಸರನ್ನೇ ಚಾಕುವಿಗೆ ಇಟ್ಟರು. 1918ರಲ್ಲಿ ಎಲ್ಸೆನರ್ ನಿಧನರಾದರು. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ, 1921ರಲ್ಲಿ, ಅದು 'ವಿಕ್ಟೋರಿನಾಕ್ಸ್' ಆಯಿತು. ಹೀಗಾಗಿ ಈ ಹೆಸರಿರುವ ಚಾಕುವನ್ನು ಯಾರಾದರೂ ಎಲ್ಸೆನರ್ ಕಾಲದ್ದೆಂದು ಮಾರಲು ಬಂದರೆ ನಂಬಬೇಡಿ.